ತಾಯಿಯ ತಟ್ಟೆಯಲ್ಲಿದೆ ಮಗುವಿನ ನಾಳೆ



ಹೃದ್ರೋಗ, ಸಕ್ಕರೆ ಕಾಯಿಲೆಗಳು ಉಂಡುಟ್ಟು ಸುಖವಾಗಿರುವವರ ಕಾಯಿಲೆಗಳೆಂಬ ಭಾವನೆ ನಮ್ಮಲ್ಲಿದೆ. ಮೈಸೂರಿನ ಒಂದು ಅಧ್ಯಯನ ಈ ಭಾವನೆಯನ್ನು ಅಲುಗಾಡಿಸಿತು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಜನಿಸಿದ 517 ಮಂದಿಯನ್ನು ಸಂಶೋಧಕರು ಪತ್ತೆಹಚ್ಚಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು. ಚೆನ್ನಾಗಿ ತೂಕವಿದ್ದವರಲ್ಲಿ ಅದು ಶೇ. 3 ಮಾತ್ರ. ಶಿಶುವೂ ಕೃಶ, ಗರ್ಭಿಣಿ ತಾಯಿಯೂ 45 ಕಿಲೋಗಿಂತ ಕಡಿಮೆ ಎಂಬಲ್ಲಿ ಅದು ಶೇ. 20ಕ್ಕೇರಿತು.

ಕಾರಣವೇನು? ಬ್ರಿಟಿಷ್ ವೈದ್ಯ ಡೇವಿಡ್ ಬಾರ್ಕರ್ ಅವರ ವಾದದಂತೆ, ಗರ್ಭದಲ್ಲಿ ಪೋಷಣೆ ಸಾಲದಾದಾಗ ಭ್ರೂಣವು ಮೆದುಳನ್ನು ಉಳಿಸಿಕೊಳ್ಳಲು ಇತರ ಅಂಗಗಳ ಬೆಳವಣಿಗೆಯನ್ನು ಮಿತಗೊಳಿಸುತ್ತದೆ. ಹಾಗೆ ಬಡಕಲಾಗಿ ಹುಟ್ಟಿದ ಮಗು ಮುಂದೆ ಸಿಹಿತಿಂಡಿ, ಕರಿದ ತಿನಿಸುಗಳಿಂದ ಮೈ ಬೆಳೆಸಿಕೊಂಡರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ.

ಇದು ಕಳೆದುಹೋದ ಕಾಲದ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಸುಮಾರು ಶೇ. 65 ಮಂದಿಗೆ ರಕ್ತಹೀನತೆಯಿದೆ. ರಕ್ತದಲ್ಲಿ ಕಬ್ಬಿಣಾಂಶ ಕುಸಿದ ಮಗುವಿನ ಗಮನ, ಕಲಿಕೆ ಎರಡೂ ಕುಂದುತ್ತವೆ. ಅಂತಹ ಮಗುವನ್ನು ನಾವು ದಡ್ಡನೆಂದು ಗದರಿಸುತ್ತೇವೆ!

ಸರಕಾರದ ಹೊಣೆ ದೊಡ್ಡದು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಆರಂಭವಾಯಿತು. ಆದರೆ 2021ರಲ್ಲಿ ಶಾಲಾಮಕ್ಕಳ ತಟ್ಟೆಗೆ ಮೊಟ್ಟೆ ಬಂದಾಗ ಅದನ್ನೂ ವಿವಾದವಾಗಿಸಲಾಯಿತು. ಹಸಿದ ಮಗುವಿನ ತಟ್ಟೆ ರಾಜಕೀಯದ ಅಖಾಡವಾಗಬಾರದು.

ಅದರೊಂದಿಗೆ ನಮ್ಮ ಮನೆಯೊಳಗನ್ನೂ ನೋಡಿಕೊಳ್ಳೋಣ. ಮದುವೆಯ ಔತಣಕ್ಕೆ ಸಾಲ ಮಾಡುವ ನಾವು, ಗರ್ಭಿಣಿ ಸೊಸೆಗೆ ದಿನಕ್ಕೊಂದು ಮೊಟ್ಟೆ ದುಬಾರಿಯೆನ್ನುತ್ತೇವೆ. ಎಲ್ಲರೂ ಉಂಡ ಬಳಿಕ ಉಳಿದುದೇ ಅವಳ ಪಾಲು. ಹಾಲುಗೂಸಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿನ್ನಿಸುತ್ತೇವೆ. ಆ ಚಹಾ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಆರು ತಿಂಗಳು ಬರೀ ಎದೆಹಾಲು, ಅನಂತರ ಎದೆಹಾಲಿನೊಂದಿಗೆ ರಾಗಿ, ಬೇಳೆ, ಸೊಪ್ಪು, ಮೊಟ್ಟೆ, ಮೀನು: ಇವು ನಮ್ಮ ಪೇಟೆಗಳಲ್ಲಿ ದೊರೆಯದ ವಸ್ತುಗಳೇನಲ್ಲ.

ಇಂದು ರಾತ್ರಿ ಮನೆಗೆ ಹೋದಾಗ ಒಂದು ಕೆಲಸ ಮಾಡಿ. ಮನೆಯ ಗರ್ಭಿಣಿಗೆ, ಬಾಣಂತಿಗೆ ಮೊದಲು ಬಡಿಸಿ. ಸುಧಾರಣೆ ಅಲ್ಲಿಂದಲೇ ಆರಂಭವಾಗಲಿ.