ನಿದ್ರಿಸುವ ಕ್ರಮವಿಧಿಯೂ ನಿಲ್ಲದ ಪಂಪೂ
(ಶಾಲಾ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ಬೇಸಗೆಯಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ನೀರು ಹರಿದುದನ್ನು ತಮ್ಮಲ್ಲಿ ಹಲವರು ಕಂಡಿರುವಿರಿ. ಮಾರನೆಯ ದಿನ ಮಕ್ಕಳ ಊಟಕ್ಕೆ ನೆರೆಮನೆಯ ಬಾವಿಯಿಂದ ನೀರು ಹೊತ್ತು ತರಬೇಕಾಯಿತು. ತಪ್ಪು ಮಕ್ಕಳದೆಂದು ಕೆಲವರು ಆಡಿಕೊಂಡರು. ಅವರು ಸಿ ಭಾಷೆಯಲ್ಲಿ ಬರೆದ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಓದಿ ಒಪ್ಪಿದವರು ನಾವೇ ಆದುದರಿಂದ ವಿವರಣೆಯ ಹೊಣೆಯೂ ನಮ್ಮದೇ.

ಪುಟ್ಟ ಗಣಕವೊಂದು ರಿಲೇಯ ಮೂಲಕ ಪಂಪನ್ನು ಹತ್ತು ನಿಮಿಷ ನಡೆಸಿ, ಬಾವಿಯಲ್ಲಿ ಒರತೆ ಕೂಡಲೆಂದು ಐದು ನಿಮಿಷ ಬಿಡುವು ಕೊಟ್ಟು, ಮರಳಿ ನಡೆಸಬೇಕು. ತೊಟ್ಟಿ ತುಂಬಿದರೆ ಕೀಲಿಯೊಂದನ್ನು ಒತ್ತಿ ನಿಲ್ಲಿಸಬೇಕು. ಹತ್ತು ನಿಮಿಷ ಕಾಯುವುದಕ್ಕೆ ಮಕ್ಕಳು ‘ಸ್ಲೀಪ್’ ಎಂಬ ಆಜ್ಞೆಗೆ ೬೦೦ ಸೆಕೆಂಡು ಎಂದು ಬರೆದರು. ಅಲ್ಲಿಗೆ ನಮ್ಮ ಕ್ರಮವಿಧಿ ಕುಂಭಕರ್ಣನಾಯಿತು. ನಾಲ್ಕನೆಯ ನಿಮಿಷದಲ್ಲಿ ಹುಡುಗನು ಕೀಲಿಯನ್ನು ಒತ್ತಿದನು. ಆ ಅಕ್ಷರ ಎಲ್ಲಿಯೂ ಕಳೆದುಹೋಗಲಿಲ್ಲ. ಲಿನಕ್ಸ್ ಅದನ್ನು ಜೋಪಾನವಾಗಿಯೇ ಇಟ್ಟುಕೊಂಡಿತ್ತು. ಓದುವವರು ಎಚ್ಚರವಿರಲಿಲ್ಲ, ಅಷ್ಟೇ.

ಗಾಬರಿಯಿಂದ ಅವನು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಕೂಡಿಸಿ ಒತ್ತಿದನು. ಕ್ರಮವಿಧಿ ಒಡನೆಯೇ ಕೊನೆಗೊಂಡಿತು. ತೆರೆಯ ಮೇಲೆ ಎಲ್ಲವೂ ನಿಂತಂತೆ ಕಂಡು ಅವನು ತರಗತಿಗೆ ಹೋದನು. ಪಂಪು ನಿಂತಿರಲಿಲ್ಲ! ಅದನ್ನು ನಿಲ್ಲಿಸುವ ಸಾಲು ಸ್ಲೀಪಿನ ಮುಂದಿತ್ತು. ಅಲ್ಲಿಗೆ ತಲಪುವ ಮೊದಲೇ ಕ್ರಮವಿಧಿ ಸತ್ತಿತ್ತು.

ಡೆನಿಸ್ ರಿಚ್ಚಿಯವರು ೧೯೭೨ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಸಿ ಭಾಷೆಗೆ ಕೀಲಿಯ ಒತ್ತನ್ನೂ ಗಡಿಯಾರವನ್ನೂ ಒಟ್ಟಿಗೆ ಕಾಯುವ ಶಕ್ತಿ ತನ್ನಷ್ಟಕ್ಕೆ ಇಲ್ಲ. ಅದನ್ನು ಕಾರ್ಯಾಚರಣಾ ವ್ಯವಸ್ಥೆಯಿಂದ ಬೇಡಿ ಪಡೆಯಬೇಕು. ೧೯೮೩ರ ಬರ್ಕ್ಲಿ ಯುನಿಕ್ಸಿನೊಡನೆ ‘ಸೆಲೆಕ್ಟ್’ ಬಂದಿತು. ನಾವು ಬಳಸಿದುದು ಅದರ ಸೋದರನಾದ ‘ಪೋಲ್’. ಇಂತಿಷ್ಟು ಮಿಲಿಸೆಕೆಂಡು ಕಾಯಿ, ಅಷ್ಟರೊಳಗೆ ಕೀಲಿ ಬಂದರೆ ಎಬ್ಬಿಸು ಎಂದು ಹೇಳಿ ಮಲಗುವ ಕ್ರಮವಿದು. ಹಿಂದಿರುಗಿದ ಬೆಲೆ ಸೊನ್ನೆಯಾದರೆ ಹೊತ್ತು ಮುಗಿದಿದೆ. ಧನವಾದರೆ ಯಾರೋ ಕರೆದಿದ್ದಾರೆ. ಆದರೆ ಟರ್ಮಿನಲ್ಲು ಎಂಟರ್ ಒತ್ತುವವರೆಗೆ ಅಕ್ಷರಗಳನ್ನು ಒಪ್ಪಿಸುವುದಿಲ್ಲ. ಆ ಪದ್ಧತಿಯನ್ನು ಮೊದಲು ತೆಗೆದುಹಾಕಬೇಕು, ಹೊರಡುವಾಗ ಮರಳಿ ಸ್ಥಾಪಿಸಬೇಕು.

ಇಲ್ಲಿಯೂ ನಾವು ಎಡವಿದೆವು. ಮೂರನೆಯ ನಿಮಿಷದಲ್ಲಿ ಯಾರೋ ಬೇರೊಂದು ಕೀಲಿಯನ್ನು ಮುಟ್ಟಿದರು. ಕ್ರಮವಿಧಿ ಎದ್ದು ನೋಡಿ, ಇದು ನಮಗಲ್ಲವೆಂದು ಮತ್ತೆ ಪೂರ್ತಿ ಹತ್ತು ನಿಮಿಷಕ್ಕೆ ಮಲಗಿತು! ಪಂಪು ಹದಿಮೂರು ನಿಮಿಷ ಓಡಿತು. ಮುಗಿಯಬೇಕಾದ ಗಳಿಗೆಯನ್ನು ಮೊದಲೇ ಗುರುತು ಹಾಕಿಕೊಂಡು, ಎದ್ದಾಗಲೆಲ್ಲ ಉಳಿದ ಹೊತ್ತನ್ನು ಕಳೆದು ನೋಡಬೇಕೆಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹೇಳಿದಳು. ನಮಗೆ ಹೊಳೆದಿರಲಿಲ್ಲ. ಅದಕ್ಕೆ ಗೋಡೆಗಡಿಯಾರದಂತೆ ಹಿಂದೆ ಮುಂದೆ ತಿರುಗಿಸಬಹುದಾದ ಗಡಿಯಾರ ಸಲ್ಲದು. ಹಿಂದಕ್ಕೆ ಹೋಗದ ‘ಮಾನೊಟಾನಿಕ್’ ಗಡಿಯಾರವೇ ಬೇಕು.

ಕಂಟ್ರೋಲ್-ಸಿ ಕಳುಹಿಸುವ ಸಂಕೇತವನ್ನು ಹಿಡಿಯಲು ಸಣ್ಣ ಕಾರ್ಯವೊಂದನ್ನು ಬರೆದೆವು. ಅದರೊಳಗೇ ಪಂಪನ್ನು ನಿಲ್ಲಿಸಿ, ಸಂದೇಶವನ್ನೂ ಮುದ್ರಿಸಿಬಿಡೋಣವೆಂದು ಮಕ್ಕಳಿಗೆ ಆತುರ. ಅದು ಅಪಾಯ. ಆ ಸಂಕೇತ ಯಾವ ಕೆಲಸದ ನಡುವೆ ಬಂದು ಎರಗುವುದೋ ಹೇಳಲಾಗದು. ‘ವೊಲಟೈಲ್ ಸಿಗ್‌ಅಟಾಮಿಕ್’ ಜಾತಿಯ ಧ್ವಜವೊಂದನ್ನು ಏರಿಸಿ ಹಿಂದಿರುಗಬೇಕು. ನಿಲ್ಲಿಸುವ ಕೆಲಸ ಮುಖ್ಯ ಸುತ್ತಿನದು. ಧ್ವಜವನ್ನು ನೋಡಿದ ಮೇಲೆ, ಮಲಗುವ ಮೊದಲು, ಆ ಎಳೆಯಷ್ಟು ಸಂದಿನಲ್ಲಿ ಸಂಕೇತ ಬಂದರೆ ಮತ್ತೆ ಹತ್ತು ನಿಮಿಷದ ಕಿವುಡು. ಆದುದರಿಂದ ಸಂಕೇತವನ್ನು ಮೊದಲು ತಡೆದಿಟ್ಟು, ಮಲಗಿರುವಾಗ ಮಾತ್ರ ಒಳಬಿಡುವ ‘ಪಿ-ಪೋಲ್’ ಅನ್ನು ಈಗ ಬಳಸುತ್ತಿದ್ದೇವೆ.

ಇಷ್ಟಾದರೂ ‘ಕಿಲ್’ ಸಂಕೇತವನ್ನು ಯಾವ ಕ್ರಮವಿಧಿಯೂ ಹಿಡಿಯಲಾರದು. ಆ ಕಾರಣದಿಂದ ಪಂಪಿನ ವಿದ್ಯುತ್ತನ್ನೇ ಕಡಿಯುವ ಕೆಂಪು ಸ್ವಿಚ್ಚೊಂದನ್ನು ತೊಟ್ಟಿಯ ಬಳಿ ಮಕ್ಕಳ ಕೈಗೆಟುಕುವಂತೆ ಹಾಕಿಸಿರುತ್ತೇವೆ. ಸಭೆಯ ತರುವಾಯ ಹಿತ್ತಿಲಿಗೆ ದಯಮಾಡಿಸಬೇಕು. ಪಂಪು ಓಡುತ್ತಿರುವಾಗ ತಾವೇ ಕೀಲಿಯನ್ನು ಒತ್ತಿ ನೋಡಬಹುದು.