ಜೆಲ್ಲಿ ಗೋಲಿಯೊಳಗಿನ ಕಾಂಡಕೋಶ

ಇವತ್ತಿನ ವಿಷಯ ಸ್ಟೆಮ್ ಸೆಲ್, ಅಂದ್ರೆ ಕಾಂಡಕೋಶ. ನಾನು ಬಿ.ಕಾಂ ಓದಿದವಳು, ಹಾಗಾಗಿ ಲಾಭ-ನಷ್ಟದ ಲೆಕ್ಕದಲ್ಲೇ ಹೇಳ್ತೀನಿ.

ಟೈಪ್ 1 ಡಯಾಬಿಟಿಸ್ ಇರೋರಲ್ಲಿ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಅವರದೇ ರೋಗನಿರೋಧಕ ವ್ಯವಸ್ಥೆ ಕೊಂದುಹಾಕುತ್ತೆ. ಆಮೇಲೆ ಜೀವನಪೂರ್ತಿ ಇನ್ಸುಲಿನ್ ಬೇಕು. 2014ರಲ್ಲಿ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ತಂಡ ಕಾಂಡಕೋಶಗಳಿಂದ ಬೀಟಾ ಕೋಶಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ತೋರಿಸ್ತು. ಮೆಲ್ಟನ್ ಅವರ ಇಬ್ಬರು ಮಕ್ಕಳಿಗೂ ಇದೇ ಕಾಯಿಲೆ.

ಸರಿ, ಕೋಶ ಸಿಕ್ತು. ಆದ್ರೆ ಹಾಗೇ ದೇಹದೊಳಗೆ ಬಿಟ್ರೆ ಎರಡು ರಿಸ್ಕ್. ಒಂದು, ರೋಗನಿರೋಧಕ ವ್ಯವಸ್ಥೆ ಮತ್ತೆ ದಾಳಿ ಮಾಡುತ್ತೆ. ಎರಡು, ಪೂರ್ತಿ ಬದಲಾಗದ ಕಾಂಡಕೋಶಗಳು ಉಳಿದಿದ್ರೆ ಅವು ಗಡ್ಡೆಯಾಗಿ ಬೆಳೀಬಹುದು.

ಅದಕ್ಕೇ ಕವಚ. ಕಂದು ಬಣ್ಣದ ಕಡಲಕಳೆಯಿಂದ ಸಿಗೋ ಆಲ್ಜಿನೇಟ್‌ನಲ್ಲಿ ಕೋಶಗಳನ್ನು ಬೆರೆಸಿ, ಕ್ಯಾಲ್ಸಿಯಂ ಇರೋ ನೀರಿಗೆ ಹನಿ ಹನಿಯಾಗಿ ಬೀಳಿಸ್ತಾರೆ. ಪ್ರತಿ ಹನಿಯೂ ಜೆಲ್ಲಿ ಗೋಲಿ ಆಗುತ್ತೆ. ಬಬಲ್ ಟೀಯಲ್ಲಿ ಪಟ್ ಅಂತ ಒಡೆಯೋ ಗೋಲಿಯ ಹಿಂದೆ ಇರೋದೂ ಇದೇ ಕೆಮಿಸ್ಟ್ರಿ! ಗೋಲಿಯ ಗೋಡೆ ಜರಡಿ ಥರ: ಗ್ಲೂಕೋಸ್, ಆಕ್ಸಿಜನ್ ಒಳಗೆ ಹೋಗುತ್ತೆ, ಇನ್ಸುಲಿನ್ ಹೊರಗೆ ಬರುತ್ತೆ, ದಾಳಿ ಮಾಡೋ ಕೋಶಗಳಿಗೆ ಮಾತ್ರ ಎಂಟ್ರಿ ಇಲ್ಲ. ಒಳಗಿನ ಕೋಶಗಳು ಹರಡದಂತೆ ತಡೆಯೋದೂ ಇದೇ ಗೋಡೆ. ಇಂಥ ಜೆಲ್‌ನಲ್ಲಿ ಕಾಂಡಕೋಶಗಳನ್ನು ಫ್ರೀಜ್ ಮಾಡದೆಯೇ ಕೆಲವು ದಿನ ಉಳಿಸಬಹುದು ಅಂತ ಬ್ರಿಟನ್ನಿನ ನ್ಯೂಕ್ಯಾಸಲ್ ಯೂನಿವರ್ಸಿಟಿ ಸಂಶೋಧಕರು ತೋರಿಸಿದ್ದಾರೆ.

ಹಾಗಾದ್ರೆ ಇನ್ನೂ ಯಾಕೆ ಆಸ್ಪತ್ರೆಗೆ ಬಂದಿಲ್ಲ? ದೇಹ ಈ ಗೋಲಿಯನ್ನು ಹೊರಗಿನ ವಸ್ತು ಅಂತ ಗುರುತಿಸಿ ಸುತ್ತ ದಪ್ಪ ಪೊರೆ ಕಟ್ಟುತ್ತೆ. ಆಕ್ಸಿಜನ್ ಸಿಗದೆ ಕೋಶಗಳು ಸಾಯುತ್ತವೆ. 2016ರಲ್ಲಿ ಆಲ್ಜಿನೇಟ್‌ನ ರಚನೆಯನ್ನೇ ಸ್ವಲ್ಪ ಬದಲಿಸಿದಾಗ ಇಲಿಗಳಲ್ಲಿ ಕೋಶಗಳು 174 ದಿನ ಕೆಲಸ ಮಾಡಿದವು. ಮನುಷ್ಯರಲ್ಲಿ ಅಷ್ಟು ಸುಲಭ ಇಲ್ಲ. ವರ್ಟೆಕ್ಸ್ ಕಂಪನಿ ಕೋಶಗಳನ್ನು ಪುಟ್ಟ ಸಾಧನದೊಳಗಿಟ್ಟು ಪ್ರಯೋಗ ಮಾಡ್ತು. ಸಾಕಷ್ಟು ಇನ್ಸುಲಿನ್ ಬರಲಿಲ್ಲ, 2025ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಅದೇ ಕಂಪನಿ ಕವಚವಿಲ್ಲದೆ ಕೋಶ ಹಾಕಿದಾಗ, ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಹೊರಗಿನ ಇನ್ಸುಲಿನ್ ಬೇಕಾಗಲಿಲ್ಲ. ಆದ್ರೆ ಅದಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸೋ ಮಾತ್ರೆ ತಗೊಳ್ತಾನೇ ಇರಬೇಕು, ಅಂದ್ರೆ ಸೋಂಕಿನ ಭಯ.

ಲೆಕ್ಕ ಇಷ್ಟೇ: ಕವಚ ಹಾಕಿದ್ರೆ ಕೋಶಕ್ಕೆ ಉಸಿರು ಕಮ್ಮಿ, ತೆಗೆದ್ರೆ ರೋಗಿಗೆ ರಕ್ಷಣೆ ಕಮ್ಮಿ. ಎರಡನ್ನೂ ಸರಿದೂಗಿಸೋ ಗೋಡೆಗಾಗಿ ಹುಡುಕಾಟ ನಡೀತಿದೆ.

ಇಷ್ಟರಲ್ಲಿ ಯಾರಾದ್ರೂ ‘ಸ್ಟೆಮ್ ಸೆಲ್ ಹಾಕಿ ಶುಗರ್ ವಾಸಿ ಮಾಡ್ತೀವಿ’ ಅಂತ ರೀಲ್ಸ್‌ನಲ್ಲಿ ಹೇಳಿದ್ರೆ ಒಂದು ವಿಷಯ ನೆನಪಿಡಿ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ಮಾನ್ಯತೆ ಇರೋ ಕೆಲವು ರಕ್ತ ಸಂಬಂಧಿ ಕಾಯಿಲೆಗಳಂಥವು ಬಿಟ್ಟು ಬೇರೆಯದಕ್ಕೆ ಕಾಂಡಕೋಶ ಕೊಡೋದು ಅನುಮೋದಿತ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ದುಡ್ಡು ಕಟ್ಟಬೇಡಿ, ಇನ್ಸುಲಿನ್ ಅಂತೂ ನಿಲ್ಲಿಸಲೇಬೇಡಿ.

ಮನೆಯಲ್ಲಿ ಯಾರಿಗಾದ್ರೂ ಇದು ಬೇಕಾಗಿದ್ರೆ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.