ಆಪ್ತ ಸಮಾಲೋಚನೆಯಲ್ಲಿ ಊರಿನ ಪಾತ್ರ



ನಮ್ಮ ದೇಶದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಆಗ ಮದ್ರಾಸ್ ಎನ್ನುತ್ತಿದ್ದ ಚೆನ್ನೈಯಲ್ಲಿ. ಪತ್ತೆ ಹಚ್ಚಿದವರು ನಿಮ್ಮ ಹಾಗೆಯೇ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ, ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ನಿರ್ಮಲಾ ಸೆಲ್ಲಪ್ಪನ್ ಅವರು ಸಂಗ್ರಹಿಸಿದ್ದ ರಕ್ತದ ಮಾದರಿಗಳಲ್ಲಿ ಅದು ಕಂಡುಬಂತು. ಬಹಳ ದಿನ ಜನ ಇದನ್ನು ಪಟ್ಟಣದ ಕಾಯಿಲೆ ಎಂದೇ ತಿಳಿದಿದ್ದರು. ಆದರೆ 2000ದ ನಂತರದ ವರ್ಷಗಳಲ್ಲಿ ಬಾಗಲಕೋಟೆ, ಬೆಳಗಾವಿಯಂಥ ಜಿಲ್ಲೆಗಳಲ್ಲಿ ಗರ್ಭಿಣಿಯರ ರಕ್ತಪರೀಕ್ಷೆಯಲ್ಲೇ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಸೋಂಕು ಕಾಣಿಸಿತು. ಹಳ್ಳಿಗಳೂ ಇದರಿಂದ ಹೊರತಾಗಿರಲಿಲ್ಲ. ಮುಂದೆ ಈ ಪ್ರಮಾಣ ಇಳಿಯಿತು, ನಿಜ. ಆದರೆ ಪ್ರತಿವರ್ಷ ಹೊಸದಾಗಿ ಯೌವನಕ್ಕೆ ಕಾಲಿಡುವವರಿಗೆ ಹಳೆಯ ತಿಳಿವಳಿಕೆ ತಾನಾಗಿ ಬರುವುದಿಲ್ಲ.

ಸೋಂಕು ಹರಡುವ ದಾರಿಗಳನ್ನು ನೀವು ಪಾಠದಲ್ಲಿ ಓದಿರುತ್ತೀರಿ: ಸುರಕ್ಷಿತವಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದು, ತಾಯಿಯಿಂದ ಮಗುವಿಗೆ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಕೊಳಾಯಿಯ ನೀರು ಕುಡಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಇಷ್ಟನ್ನು ವೇದಿಕೆಯ ಮೇಲೆ ನಿಂತು ಐನೂರು ಜನರಿಗೆ ಹೇಳಬಹುದು. ಆದರೆ ಅದು ಆಪ್ತ ಸಮಾಲೋಚನೆಯಲ್ಲ, ಬರೀ ಮಾಹಿತಿ. "ಮೊನ್ನೆ ಹೀಗಾಯಿತು, ಈಗ ನಾನೇನು ಮಾಡಲಿ?" ಎಂಬ ಪ್ರಶ್ನೆಯನ್ನು ಯಾವ ಹುಡುಗನೂ, ಯಾವ ಹುಡುಗಿಯೂ ಸಭೆಯಲ್ಲಿ ಎದ್ದು ಕೇಳಲಾರರು. ಆ ಪ್ರಶ್ನೆಗೆ ಬೇಕಾದದ್ದು ಬುದ್ಧಿವಾದವಲ್ಲ. ಬೈಯದೆ ಕೇಳಿಸಿಕೊಳ್ಳುವ, ಕೇಳಿದ್ದನ್ನು ಹೊರಗೆ ಹೇಳದ ಒಬ್ಬ ತಿಳಿದವರು.

ಅಂಥವರು ಸರ್ಕಾರಿ ಆಸ್ಪತ್ರೆಗಳ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಇದ್ದಾರೆ. ತೊಡಕಿರುವುದು ಅಲ್ಲಿಗೆ ಹೋಗುವ ದಾರಿಯಲ್ಲಿ. ಬಸ್ಸಿಗೆ ಕಾಯುವಾಗಲೇ "ಎಲ್ಲಿಗೆ ಹೊಂಟೀಯೋ ತಮ್ಮಾ?" ಎಂದು ನಾಲ್ಕು ಜನ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆ ಕೋಣೆಯ ಬಾಗಿಲಲ್ಲಿ ಊರಿನ ಒಬ್ಬರು ಕಂಡರೆ ಸಾಕು, ಸಂಜೆಯೊಳಗೆ ಮನೆಗೆ ಸುದ್ದಿ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯ ಗುಣವೇ ಇಲ್ಲಿ ಅಡ್ಡಗಾಲು.

ಹಾಗಾದರೆ ಊರನ್ನು ದೂರವಿಟ್ಟೇ ಈ ಕೆಲಸ ಮಾಡಬೇಕೆ? ಸಾಧ್ಯವಿಲ್ಲ. ಬಾಗಿಲು ತೆರೆಯುವ ಶಕ್ತಿಯೂ ಊರಿಗೇ ಇದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತದಲ್ಲಿ, ಅಂದರೆ 2007ರಿಂದ 2012ರ ಅವಧಿಯಲ್ಲಿ, ಲಿಂಕ್ ವರ್ಕರ್ ಯೋಜನೆ ಬಂತು. ಹಳ್ಳಿಗಾಡಿನವರೇ ಆದ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಜನರಿಗೂ ಆಸ್ಪತ್ರೆಗೂ ನಡುವೆ ಕೊಂಡಿಯಾಗಿ ನಿಲ್ಲಿಸಿದ ಯೋಜನೆ ಅದು. ಹೊರಗಿನಿಂದ ಬಂದು ಕರಪತ್ರ ಹಂಚಿ ಹೋಗುವವರಿಗಿಂತ, ಪಕ್ಕದ ಓಣಿಯ ಅಕ್ಕನ ಮಾತಿಗೆ ಹೆಚ್ಚು ಬೆಲೆಯುಂಟು.

ಇನ್ನೊಂದು ಉಪಾಯ ಬಹಳ ಸರಳ. ಎಚ್.ಐ.ವಿ. ಶಿಬಿರ ಎಂದು ಫಲಕ ಹಾಕಿದರೆ ಯಾರೂ ಒಳಗೆ ಬರುವುದಿಲ್ಲ. ಗ್ರಾಮ ಪಂಚಾಯಿತಿಯವರು ಸಾಮಾನ್ಯ ಆರೋಗ್ಯ ಶಿಬಿರ ಏರ್ಪಡಿಸಿ, ರಕ್ತದೊತ್ತಡ, ಸಕ್ಕರೆ, ರಕ್ತಹೀನತೆಯ ತಪಾಸಣೆಯ ಜೊತೆಗೆ ಸಮಾಲೋಚಕರಿಗೂ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಟ್ಟರೆ, ಒಳಗೆ ಹೋದವರು ಯಾವುದಕ್ಕೆ ಹೋದರೆಂದು ಯಾರಿಗೂ ತಿಳಿಯದು. ಗೋವಾ, ಪುಣೆ, ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ಯುಗಾದಿಗೋ ಜಾತ್ರೆಗೋ ಊರಿಗೆ ಬರುತ್ತಾರಲ್ಲ, ಶಿಬಿರಕ್ಕೆ ಅದೇ ಸಮಯ. ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಗುಂಪು, ಯುವಕ ಮಂಡಲ ಸೇರಿದರೆ ಇದು ದೊಡ್ಡ ಖರ್ಚಿನ ಕೆಲಸವೂ ಅಲ್ಲ.

ಆದರೆ ಆ ಕೋಣೆಯ ಬಾಗಿಲ ತನಕವೇ ಊರಿನ ಕೆಲಸ. ಒಳಗಿನ ಮಾತು, ಪರೀಕ್ಷೆಯ ಫಲಿತಾಂಶ ಊರಿಗೆ ಸೇರಿದ್ದಲ್ಲ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ, ಶಾಲೆ, ಕೆಲಸ, ಮನೆಬಾಡಿಗೆಯ ವಿಷಯದಲ್ಲಿ ಭೇದ ಮಾಡುವುದನ್ನೂ ಅದು ನಿಷೇಧಿಸುತ್ತದೆ. ಮದುವೆಗೆ ಮುಂಚೆ ಎಲ್ಲರನ್ನೂ ಕಡ್ಡಾಯವಾಗಿ ಪರೀಕ್ಷಿಸಿಬಿಡೋಣ ಎಂದು ಹಿರಿಯರು ಸದುದ್ದೇಶದಿಂದಲೇ ಹೇಳುವುದುಂಟು. ಸೋಂಕು ತಗುಲಿದ ಮೊದಲ ಕೆಲವು ವಾರ, ಕೆಲವೊಮ್ಮೆ ಮೂರು ತಿಂಗಳವರೆಗೂ, ಪರೀಕ್ಷೆಯಲ್ಲಿ ಅದು ಕಾಣದಿರಬಹುದು. ಹೀಗಿರುವಾಗ ಬಲವಂತದ ಒಂದು ಚೀಟಿ ಕೊಡುವುದು ಸುಳ್ಳು ಧೈರ್ಯವನ್ನಷ್ಟೇ.

ಗುಟ್ಟು ಉಳಿಯುತ್ತದೆಂಬ ನಂಬಿಕೆ ಇದ್ದರೆ ಯುವಜನರು ಬೇಗ ಬರುತ್ತಾರೆ, ಬೇಗ ಬಂದಷ್ಟೂ ಅನುಕೂಲ. ಸೋಂಕಿನ ಅಪಾಯಕ್ಕೆ ಒಳಗಾದ 72 ಗಂಟೆಯೊಳಗೆ ಔಷಧಿ ಆರಂಭಿಸಿದರೆ ಸೋಂಕನ್ನು ತಡೆಯುವ ಸಾಧ್ಯತೆ ಇದೆ. ಸೋಂಕಿರುವವರಿಗೆ ಎ.ಆರ್.ಟಿ. ಚಿಕಿತ್ಸೆ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ದಿನವೂ ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಇದು ಹಳ್ಳಿಯಲ್ಲಿ ಇನ್ನೂ ಎಷ್ಟೋ ಜನರ ಕಿವಿಗೆ ಬೀಳದ ಸಂಗತಿ.

ನಿಮ್ಮ ಕಾಲೇಜಿನಲ್ಲಿ ರೆಡ್ ರಿಬ್ಬನ್ ಕ್ಲಬ್ ಇದ್ದರೆ, ಡಿಸೆಂಬರ್ 1ರ ಜಾಥಾಕ್ಕಷ್ಟೇ ಅದನ್ನು ಮೀಸಲಿಡಬೇಡಿ. ಒಂದು ಪ್ರಶ್ನೆಪೆಟ್ಟಿಗೆ ಇಡಿ. ಹೆಸರಿಲ್ಲದ ಚೀಟಿಗಳಿಗೆ ತಿಂಗಳಿಗೊಮ್ಮೆ ಸಮಾಲೋಚಕರನ್ನು ಕರೆಸಿ ಉತ್ತರ ಕೊಡಿಸಿ. ಚೀಟಿ ಬರೆಯಲೂ ಅಂಜುವವರಿಗೆ 1097 ಸಹಾಯವಾಣಿ ಇದೆ. ಕರೆ ಉಚಿತ.